ಶೆರಿಫ್‌ಗೆ ಓಟು ಹಾಕ್ತಾರೆ, ಶೆರಿಫ್ ಆಫೀಸಿಗೆ ದುಡ್ಡು ಕೊಡಲ್ಲ

ಪೊಲೀಸ್ ವರ್ಗಾವಣೆ ದಂಧೆ ಬಗ್ಗೆ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡದ ಗೆಳೆಯರಲ್ಲಿ ಯಾರಾದ್ರೂ ಒಬ್ರು ಬರೀತಾರೆ, ಅಮೆರಿಕದಲ್ಲಿ ಕೌಂಟಿ (ನಮ್ಮ ಜಿಲ್ಲೆ ತರದ್ದು) ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಜನಾನೇ ಓಟು ಹಾಕಿ ಆರಿಸ್ತಾರೆ, ನಮ್ಮಲ್ಲೂ ಎಸ್‌ಪಿನ ಹಂಗೇ ಆರಿಸೋ ಹಾಗಿದ್ರೆ ಮಂತ್ರಿಗಳ ಕಾಟ ತಪ್ತಿತ್ತು ಅಂತ. ಆ ಆಸೆ ನಂಗೆ ಅರ್ಥ ಆಗತ್ತೆ. ಆದ್ರೆ ಆರಿಸೋದು ಅರ್ಧ ಮಾತು, ಆರಿಸಿದ ಮೇಲೆ ಆ ಆಫೀಸು ನಡೆಸೋಕೆ ದುಡ್ಡು ಯಾರು ಕೊಡ್ತಾರೆ ಅನ್ನೋದು ಇನ್ನರ್ಧ, ಅಮೆರಿಕದ ಎಷ್ಟೋ ಹಳ್ಳಿ ಕೌಂಟಿಗಳು ಸೋತಿರೋದು ಈ ಎರಡನೇ ಅರ್ಧದಲ್ಲಿ. ಅದನ್ನ ಸ್ವಲ್ಪ ವಿವರವಾಗೇ ಹೇಳ್ಬೇಕು ಅನ್ನಿಸ್ತು.

ಚುನಾವಣೆಯಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಅಲಬಾಮಾದ ಲೌಂಡ್ಸ್ ಕೌಂಟಿ ನೋಡಿ, ಅಲ್ಲಿದ್ದ ಜನರಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿ ಕಪ್ಪು ಜನ, ಆದ್ರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟೀಲಿ ಇರ್ಲಿಲ್ಲ. ಅದೇ ವರ್ಷ ಮತದಾನ ಹಕ್ಕಿನ ಕಾಯ್ದೆ ಬಂತು, ಜನ ಹೆದರಿಕೆ ಬೆದರಿಕೆ ಎಲ್ಲ ದಾಟ್ಕೊಂಡು ಹೆಸರು ಬರೆಸಿದ್ರು, 1970ರಲ್ಲಿ ಜಾನ್ ಹ್ಯೂಲೆಟ್ ಅನ್ನೋ ಕಪ್ಪು ಮನುಷ್ಯ, ಆ ಹೋರಾಟದ ಮುಂದಾಳು, ಅದೇ ಕೌಂಟಿಗೆ ಶೆರಿಫ್ ಆಗಿ ಗೆದ್ದ, ಎರಡು ದಶಕಕ್ಕೂ ಹೆಚ್ಚು ಕಾಲ ಆ ಹುದ್ದೇಲಿದ್ದ. ಬಂದೂಕು, ಬ್ಯಾಡ್ಜು, ಜೈಲಿನ ಕೀಲಿ ಯಾರ ಕೈಯಲ್ಲಿ ಇರ್ಬೇಕು ಅಂತ ಊರಿನ ಜನ ತೀರ್ಮಾನ ಮಾಡೋದು ದೊಡ್ಡ ವಿಷಯ, ಅದ್ರಲ್ಲಿ ಎರಡು ಮಾತಿಲ್ಲ.

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ಊರಿಗೆ ಊರಿನ ಪೊಲೀಸ್ ಇದ್ರೆ ಅವರು ಊರೊಳಗಷ್ಟೇ ನೋಡ್ಕೋತಾರೆ, ಊರಾಚೆ ಇರೋ ಹೊಲ, ಕಾಡು, ಬೆಟ್ಟ, ಒಂಟಿ ಮನೆಗಳು ಎಲ್ಲ ಶೆರಿಫ್‌ದು. ಅವನ ಕೈಕೆಳಗೆ ಕೆಲಸ ಮಾಡೋರನ್ನ ಡೆಪ್ಯುಟಿ ಅಂತಾರೆ. ಆಕ್ಸಿಡೆಂಟಾದ್ರೆ ಡೆಪ್ಯುಟಿ, ದನ ರೋಡಿಗೆ ಬಂದ್ರೆ ಡೆಪ್ಯುಟಿ, ಕೋರ್ಟಿನ ಸಮನ್ಸ್ ತಲುಪಿಸೋಕೆ ಡೆಪ್ಯುಟಿ, ಬಾಡಿಗೆ ಕಟ್ಟದವರನ್ನ ಮನೆಯಿಂದ ಬಿಡಿಸೋ ಆರ್ಡರ್ ಬಂದ್ರೆ ಅದಕ್ಕೂ ಅವ್ರೇ, ಜೈಲು ನಡೆಸೋದೂ ಇದೇ ಆಫೀಸು. ಕ್ಯಾಲಿಫೋರ್ನಿಯಾದ ಎಷ್ಟೋ ಕೌಂಟಿಗಳಲ್ಲಿ ಅನುಮಾನಾಸ್ಪದ ಸಾವಿನ ಕಾರಣ ಪತ್ತೆ ಮಾಡೋ ಅಧಿಕಾರಾನೂ ಶೆರಿಫ್‌ಗೇ ಇದೆ, ಲೂಸಿಯಾನಾದಲ್ಲಿ ಆಸ್ತಿ ತೆರಿಗೆ ವಸೂಲಿನೂ ಶೆರಿಫ್‌ದೇ. ಟೆಕ್ಸಸ್‌ನ ಬ್ರೂಸ್ಟರ್ ಕೌಂಟಿ ಸುಮಾರು 16,000 ಚದರ ಕಿಲೋಮೀಟರ್, 2020ರ ಜನಗಣತಿಲಿ ಅಲ್ಲಿದ್ದ ಜನ ಹತ್ತು ಸಾವಿರಾನೂ ಇಲ್ಲ. ಅಂಥ ಕಡೆ ರಾತ್ರಿ ಪಾಳಿಲಿ ಒಬ್ಬನೇ ಇರೋ ಡೆಪ್ಯುಟಿ ಗಲಾಟೆ ನಡೀತಿರೋ ಮನೆ ಬಾಗಿಲು ತಟ್ಬೇಕಾದ್ರೆ, ಸಹಾಯಕ್ಕೆ ಇನ್ನೊಬ್ಬ ಬರೋಕೆ ಮುಕ್ಕಾಲು ಗಂಟೆ ಹಿಡಿಯತ್ತೆ ಅಂತ ಗೊತ್ತಿಟ್ಕೊಂಡೇ ತಟ್ಬೇಕು.

ಆದ್ರೆ ಹೆಚ್ಚಿನ ಕಡೆ ಶೆರಿಫ್‌ಗೆ ತೆರಿಗೆ ಹಾಕೋ ಅಧಿಕಾರ ಇಲ್ಲ. ಬಜೆಟ್ ಇರೋದು ಕೌಂಟಿ ಆಡಳಿತ ನಡೆಸೋ ಕಮಿಷನರ್‌ಗಳ ಕೈಲಿ, ಅವ್ರೂ ಬೇರೆಯಾಗಿ ಗೆದ್ದು ಬಂದೋರು, ಎಷ್ಟೋ ರಾಜ್ಯಗಳಲ್ಲಿ ಅವ್ರೂ ತೆರಿಗೆ ಏರಿಸ್ಬೇಕು ಅಂದ್ರೆ ಮತ್ತೆ ಜನರ ಹತ್ರಾನೇ ಓಟು ಕೇಳ್ಬೇಕು. ಈ ಗಂಟು ಎಷ್ಟು ಬಿಗಿ ಅನ್ನೋದಕ್ಕೆ ಆರೆಗಾನ್ ರಾಜ್ಯದ ಜೋಸೆಫೀನ್ ಕೌಂಟಿ ಒಂದೇ ಸಾಕು.

ಜೋಸೆಫೀನ್ ನಮ್ಮ ಕೊಡಗಿಗಿಂತ ಚೂರು ದೊಡ್ಡದು, ಕೊಡಗಿನ ತರಾನೇ ಕಾಡು ಬೆಟ್ಟ, ಆದ್ರೆ ಜನ ಲಕ್ಷಕ್ಕಿಂತ ಕಮ್ಮಿ. ನೆಲದ ಬಹುಪಾಲು ಫೆಡರಲ್ ಅಂದ್ರೆ ಕೇಂದ್ರ ಸರ್ಕಾರದ್ದು, ಅದಕ್ಕೆ ಕೌಂಟಿ ತೆರಿಗೆ ಹಾಕೋ ಹಾಗಿಲ್ಲ. ಬದಲಿಗೆ 1937ರ ಒಂದು ಕಾಯ್ದೆ ಪ್ರಕಾರ ಅಲ್ಲಿ ಕಡಿದ ಮರದ ದುಡ್ಡಲ್ಲಿ ದೊಡ್ಡ ಪಾಲು ಕೌಂಟಿಗೆ ಬರ್ತಿತ್ತು, ದುಡ್ಡು ಧಾರಾಳವಾಗಿ ಬರ್ತಿದ್ದ ಕಾಲದಲ್ಲಿ ಆಸ್ತಿ ತೆರಿಗೆನ ಯಾರೂ ಏರಿಸ್ಲಿಲ್ಲ, 1997ರಲ್ಲಿ ರಾಜ್ಯ ಆ ದರಾನ ಹಾಗೇ ಖಾಯಂ ಮಾಡ್ತು. ಸಾವಿರ ಡಾಲರ್ ಮೌಲ್ಯಕ್ಕೆ ಸುಮಾರು 59 ಸೆಂಟ್, ಅಂದ್ರೆ ಎರಡು ಲಕ್ಷ ಡಾಲರ್ ಮೌಲ್ಯದ ಮನೆಗೆ ಕೌಂಟಿ ಪಾಲು ವರ್ಷಕ್ಕೆ 120 ಡಾಲರ್‌ಗಿಂತ ಕಮ್ಮಿ. 1990ರಲ್ಲಿ ಆ ಹಳೇ ಕಾಡುಗಳಲ್ಲಿ ಬದುಕೋ ಚುಕ್ಕೆ ಗೂಬೆ ಉಳಿಸೋ ಆದೇಶ ಬಂತು, ಮರ ಕಡಿಯೋದು ಇಳೀತು, ಮಿಲ್ಲುಗಳು ಮುಚ್ಚಿದ್ವು. 2000ದಲ್ಲಿ ಅಮೆರಿಕದ ಸಂಸತ್ತು, ಅಂದ್ರೆ ಕಾಂಗ್ರೆಸ್, ಪರಿಹಾರದ ದುಡ್ಡು ಕೊಡೋ ಕಾಯ್ದೆ ತಂತು, 2012ರ ಹೊತ್ತಿಗೆ ಅದರ ಅವಧಿನೂ ಮುಗೀತು, ಆಮೇಲೆ ಆಗಾಗ ಸ್ವಲ್ಪ ಕಾಲಕ್ಕೆ ಅಂತ ಮಾತ್ರ ಮುಂದುವರಿಸಿದ್ರು.

ಆ ವರ್ಷ ಮೇ ತಿಂಗಳಲ್ಲಿ ಶೆರಿಫ್ ಆಫೀಸು ಉಳಿಸೋಕೆ ಹೊಸ ತೆರಿಗೆ ಬೇಕು ಅಂತ ಕೇಳಿದ್ರು, ಜನ ಬೇಡ ಅಂದ್ರು. ಡೆಪ್ಯುಟಿಗಳಲ್ಲಿ ಹೆಚ್ಚಿನವರನ್ನ ಮನೆಗೆ ಕಳಿಸಿದ್ರು, ದೊಡ್ಡ ಅಪರಾಧ ತನಿಖೆ ಮಾಡೋ ತಂಡಾನೇ ಮುಚ್ಚಿದ್ರು, ಜೈಲಿಂದ ಕೈದಿಗಳನ್ನ ಬಿಟ್ರು, ಉಳಿದ ಬೆರಳೆಣಿಕೆ ಡೆಪ್ಯುಟಿಗಳು ವಾರದ ದಿನ ಹಗಲಲ್ಲಿ ಮಾತ್ರ. ಕೋರ್ಟಿಂದ ರಕ್ಷಣೆ ಆದೇಶ ತಗೊಂಡಿರೋ ಹೆಂಗಸರಂಥವ್ರು ಪೊಲೀಸ್ ಸರಿಯಾಗಿರೋ ಬೇರೆ ಕಡೆಗೆ ಹೋಗೋದನ್ನ ಯೋಚಿಸಿ ಅಂತ ಶೆರಿಫ್ ಆಫೀಸೇ ಪ್ರಕಟಣೆ ಕೊಡ್ತು. ಆಗಸ್ಟ್‌ನಲ್ಲಿ ಒಂದು ಶನಿವಾರ ಬೆಳಗಿನ ಜಾವ ಒಬ್ಬ ಹೆಣ್ಣುಮಗಳು ತುರ್ತು ಸಹಾಯದ ನಂಬರ್ 911ಗೆ ಫೋನ್ ಮಾಡಿದ್ಲು, ಹಿಂದೆ ಅವಳನ್ನ ಹೊಡೆದು ಆಸ್ಪತ್ರೆ ಸೇರಿಸಿದ್ದ ಗಂಡಸು ಮನೆ ಒಳಗೆ ನುಗ್ಗೋಕೆ ನೋಡ್ತಿದಾನೆ ಅಂತ. ಕಾಲ್ ರಾಜ್ಯ ಪೊಲೀಸ್‌ಗೆ ಹೋಯ್ತು, ಅಲ್ಲೂ ಕಳಿಸೋಕೆ ಯಾರೂ ಇರ್ಲಿಲ್ಲ. ಅಲ್ಲಿ ಕಾಲ್ ತಗೊಂಡ ಸಿಬ್ಬಂದಿ ಹೆಂಗಸು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಅವಳ ಜೊತೆ ಮಾತಾಡ್ತಾ ಇದ್ಲು, ಬಚ್ಚಿಟ್ಕೊಳ್ಳೋಕಾಗತ್ತಾ, ಅವನಿಗೆ ಹೋಗು ಅಂತ ಹೇಳೋಕಾಗತ್ತಾ ಅಂತ ಕೇಳಿದ್ಲು. ಅವನು ಒಳಗೆ ನುಗ್ಗಿ ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. ಆಮೇಲೆ ಅರೆಸ್ಟ್ ಆಯ್ತು, ತಪ್ಪೊಪ್ಕೊಂಡ, ಎಲ್ಲ ಆಯ್ತು, ಆದ್ರೆ ಅವತ್ತು ಬೆಳಗಿನ ಜಾವ ಅವಳ ಮನೆಗೆ ಒಂದು ಗಾಡಿ ಬರ್ಲಿಲ್ಲ. ಈ ವಿಷಯ ಮೊದಲು ಓದಿದಾಗ ನಂಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಇಷ್ಟಾದ್ಮೇಲೂ 2013, 2014, 2015 ಮೂರೂ ಸಲ ತೆರಿಗೆ ಪ್ರಸ್ತಾಪ ಸೋಲ್ತು. ಕೆಲವು ಕಡೆ ಜನಾನೇ ಬಂದೂಕು ಹಿಡ್ಕೊಂಡು ಗಸ್ತು ಶುರು ಮಾಡಿದ್ರು. 2017ರಲ್ಲಿ ಕೊನೆಗೂ ಜೈಲಿಗೆ ಮತ್ತೆ ಬಾಲಾಪರಾಧಿ ವಿಭಾಗಕ್ಕೆ ಅಂತ ದುಡ್ಡು ಒಪ್ಕೊಂಡ್ರು. ಇಲ್ಲಿನ ಮತದಾರರೆಲ್ಲ ಕಟುಕರು ಅಂತ ನಾನು ಅನ್ನಲ್ಲ, ಮಿಲ್ ಕೆಲಸ ಕಳ್ಕೊಂಡೋರು, ಪೆನ್ಶನ್‌ನಲ್ಲಿ ದಿನ ದೂಡೋ ವಯಸ್ಸಾದೋರು ಬಹಳ ಇದಾರೆ, ಕಾಡು ಕೇಂದ್ರದ್ದಾದ ಮೇಲೆ ದುಡ್ಡೂ ಕೇಂದ್ರಾನೇ ಕೊಡ್ಲಿ ಅನ್ನೋ ಅವರ ವಾದದಲ್ಲಿ ನ್ಯಾಯ ಇದೆ. ಆ ಕಾಡಲ್ಲಿ ಯಾರಾದ್ರೂ ಕಳೆದೋದ್ರೆ ಹುಡುಕೋ ಜವಾಬ್ದಾರಿ ಆರೆಗಾನ್ ಕಾನೂನಿನ ಪ್ರಕಾರ ಶೆರಿಫ್‌ದೇ ಅಲ್ವಾ. 2006ರ ನವೆಂಬರ್ ಕೊನೇಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕುಟುಂಬ ಇದೇ ಕಡೆಯ ಬೆಟ್ಟದ ರಸ್ತೇಲಿ ಹಿಮಕ್ಕೆ ಸಿಕ್ಕಾಕೊಂಡಿತ್ತು, ತಾಯಿ ಇಬ್ಬರು ಮಕ್ಕಳು ಉಳಿದ್ರು, ಸಹಾಯ ಹುಡುಕ್ತಾ ನಡೆದು ಹೋದ ತಂದೆ ತೀರ್ಕೊಂಡ. ಆದ್ರೆ ಕೇಂದ್ರ ಕೊಡೋವರೆಗೂ ಕಾಯ್ತೀವಿ ಅಂತ ಕೂತ್ರೆ ಆ ಕಾಯೋದರ ಬೆಲೆ ಕಟ್ಟೋರು ಬೇರೆ ಯಾರೋ, ಹೆಚ್ಚಾಗಿ ಒಂಟಿ ಹೆಂಗಸರು, ಇದನ್ನ ಮಾತ್ರ ನಾನು ಒಪ್ಪಲ್ಲ.

ಇನ್ನು ಜೈಲು. ಕೌಂಟಿ ಜೈಲಲ್ಲಿ ಇರೋರಲ್ಲಿ ಹೆಚ್ಚಿನವ್ರು ಇನ್ನೂ ತೀರ್ಪು ಆಗದೇ ಇರೋರು. ಕುಡಿತ, ಮಾದಕ ಚಟ, ಮಾನಸಿಕ ಕಾಯಿಲೆ ಇರೋರೇ ತುಂಬ, ಹತ್ರದಲ್ಲಿ ಆಸ್ಪತ್ರೆ ಇಲ್ದಿರೋ ಊರಲ್ಲಿ ಜೈಲೇ ಆಸ್ಪತ್ರೆ ಆಗ್ಬಿಟ್ಟಿದೆ. ಕೈದಿಗೆ ಚಿಕಿತ್ಸೆ ಕೊಡ್ಲೇಬೇಕು ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ, ಅದು ಸರಿನೂ ಹೌದು, ಆದ್ರೆ ಬಡವರ ಆರೋಗ್ಯ ಖರ್ಚು ನೋಡ್ಕೊಳ್ಳೋ ಮೆಡಿಕೇಡ್ ಯೋಜನೆ 1965ರಿಂದಲೂ ಜೈಲೊಳಗಿನ ಚಿಕಿತ್ಸೆಗೆ ಹೆಚ್ಚೂ ಕಮ್ಮಿ ಏನೂ ಕೊಡಲ್ಲ. ಆ ಬಿಲ್ಲೆಲ್ಲ ಆ 59 ಸೆಂಟಿನಂಥ ದುಡ್ಡಲ್ಲೇ ಕಟ್ಬೇಕು. 2023ರ ಜನವರಿಲಿ ಕ್ಯಾಲಿಫೋರ್ನಿಯಾಗೆ ಬಿಡುಗಡೆಗೆ ಮುಂಚಿನ 90 ದಿನದ ಕೆಲವು ಚಿಕಿತ್ಸೆಗೆ ಮೆಡಿಕೇಡ್ ದುಡ್ಡು ಬಳಸೋಕೆ ಒಪ್ಪಿಗೆ ಸಿಕ್ತು, ಹಂಗೆ ಸಿಕ್ಕ ಮೊದಲ ರಾಜ್ಯ ಅದೇ. ನನ್ನ ಕೇಳಿದ್ರೆ ಅದು ಜೈಲಿಗೆ ಬಂದ ಮೊದಲ ದಿನದಿಂದಲೇ ಸಿಗ್ಬೇಕು, ಎಲ್ಲ ರಾಜ್ಯದಲ್ಲೂ ಸಿಗ್ಬೇಕು, ಕಾಡಿನ ಪರಿಹಾರದ ದುಡ್ಡನ್ನೂ ಎರಡು ಮೂರು ವರ್ಷಕ್ಕೊಮ್ಮೆ ಕಾಂಗ್ರೆಸ್ ಮುಂದೆ ಬೇಡೋ ಹಾಗೆ ಇಡದೆ ಖಾಯಂ ಕಾನೂನು ಮಾಡ್ಬೇಕು. ನಮ್ಮ ಎಸ್‌ಪಿನ ಓಟಿಂದ ಆರಿಸೋಣ ಅನ್ನೋ ಗೆಳೆಯರು ಠಾಣೆಯ ಸಂಬಳ, ಜೀಪಿನ ಡೀಸೆಲ್ಲು, ಲಾಕಪ್ಪಲ್ಲಿ ಇರೋರ ಔಷಧಿ ಇದಕ್ಕೆಲ್ಲ ದುಡ್ಡು ಯಾವ ಲೆಕ್ಕದಿಂದ ಬರ್ಬೇಕು ಅಂತಾನೂ ಬರೀರಿ, ಓದೋಕೆ ನಾನು ರೆಡಿ.