ಗಾಡಿ ಹತ್ತಿದ ದೋಣಿ

ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಹಿರಿಯರು ಹೇಳುತ್ತಿದ್ದರು. ಇರುವುದೇ ಒಂದು ದೋಣಿ, ಅದನ್ನು ಗಾಡಿಗೆ ಹತ್ತಿಸಬೇಕು, ಅದೇ ದಿನ ಮನೆಯನ್ನೂ ಲಾರಿಗೆ ಹತ್ತಿಸಬೇಕು ಅಂದರೆ ಕಾಲು ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಅವರು ಹೇಳಿರಲಿಲ್ಲ.

ಅಕ್ಕ, ಭಾವ ಇದ್ದದ್ದು ಒಂದು ಸರೋವರದ ದಂಡೆಯಲ್ಲಿ. ಮನೆ ಬಾಗಿಲಿಂದ ಇನ್ನೂರು ಹೆಜ್ಜೆ ನಡೆದರೆ ದೋಣಿ ಇಳಿಸುವ ಜಾಗ. ಕಾಂಕ್ರೀಟಿನ ಒಂದು ಇಳಿಜಾರು ಸೀದಾ ನೀರೊಳಗೆ ಹೋಗಿ ಮಾಯವಾಗುತ್ತದೆ. ಎಲ್ಲರ ಬಾಯಲ್ಲೂ ಅದು ರ‍್ಯಾಂಪ್. ಅದರ ಪಕ್ಕದ ಕಟ್ಟೆಯಲ್ಲಿ ಭಾವನ 14 ಅಡಿಯ ಮರದ ದೋಣಿ 11 ವರ್ಷದಿಂದ ಹಸುವಿನ ಹಾಗೆ ಕಟ್ಟಿಸಿಕೊಂಡು ನಿಂತಿತ್ತು. ಈಗ ಅವರು ಇನ್ನೊಂದು ಸರೋವರದ ಪಕ್ಕಕ್ಕೆ ಹೋಗುವವರಿದ್ದರು. ನೀರಿನ ಪಕ್ಕ ಇದ್ದು ರೂಢಿಯಾದವರು ಮತ್ತೆ ನೀರಿನ ಪಕ್ಕಕ್ಕೇ ಹೋಗುತ್ತಾರೆ. ಒಣ ನೆಲಕ್ಕೆ ಹೋಗಿದ್ದರೆ ಈ ದೋಣಿಯನ್ನು ಯಾರಿಗಾದರೂ ಕೊಟ್ಟು ನಾವೆಲ್ಲ ಬಚಾವಾಗಬಹುದಿತ್ತು. ಈ ಮಾತನ್ನು ನಾನು ಭಾವನ ಮುಂದೆ ಆಡಿಲ್ಲ.

ಅಕ್ಕ ಒಂದು ನೋಟ್‌ಬುಕ್ ತಂದಳು. ಎಡಪುಟದ ಮೇಲೆ ‘ಮನೆ’ ಅಂತ ಬರೆದಳು, ಬಲಪುಟದ ಮೇಲೆ ‘ದೋಣಿ’. ಎಡಗಡೆ ಎರಡೇ ದಿನದಲ್ಲಿ ನಾಲ್ಕು ಪುಟ ತುಂಬಿತು. ಬಲಗಡೆ ಒಂದೇ ಸಾಲು: ‘ದೋಣಿ: ತರುವುದು.’ ದೋಣಿ ಅಂದರೆ ಇದ್ದಲ್ಲಿಂದ ತಾನೇ ಹೋಗುವ ವಸ್ತು, ಅದನ್ನು ಸಾಗಿಸುವುದರಲ್ಲಿ ಬರೆಯುವುದಕ್ಕೆ ಏನಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹಡಗು ಬಂಡಿಯ ಮೇಲೆ, ಬಂಡಿ ಹಡಗಿನ ಮೇಲೆ ಬರುವ ಕಾಲ ಬರುತ್ತೆ ಅನ್ನುವ ಮಾತನ್ನು ಕೇಳಿದ್ದೇವಲ್ಲ, ಅದನ್ನು ಆಡಿದವರು ಒಂದು ಸಲವಾದರೂ ದೋಣಿಯನ್ನು ಬಂಡಿಗೆ ಹತ್ತಿಸಿ ನೋಡಿದವರೇ ಇರಬೇಕು. ಇಲ್ಲದಿದ್ದರೆ ಆ ಮಾತಿಗೆ ಅಷ್ಟು ಸುಸ್ತು ಬರುತ್ತಿರಲಿಲ್ಲ.

ತೂಕದ ವಿಷಯ ಮೊದಲು ತಲೆಗೆ ಬಂದದ್ದು ಭಾವನಿಗೆ. ಕಾರಿನ ಹಿಂದೆ ಕಟ್ಟಿ ದೋಣಿ ಎಳೆಯುವ ಗಾಡಿಯನ್ನು, ಅಂದರೆ ಟ್ರೇಲರನ್ನು, ಬಾಡಿಗೆಗೆ ಕೊಡುವವರು ದೋಣಿ ಎಷ್ಟು ತೂಕ ಅಂತ ಕೇಳಿದರು. ಭಾವ ತಬ್ಬಿಬ್ಬಾದರು. 11 ವರ್ಷದಲ್ಲಿ ಆ ಪ್ರಶ್ನೆ ಎದ್ದೇ ಇರಲಿಲ್ಲ. ಕಾಲ್ಬೆರಳಿಂದ ದೂಡಿದರೆ ಸರಿಯುವ ವಸ್ತುವಿಗೆ ತೂಕ ಇದೆ ಅಂತ ಯಾರಿಗೆ ಅನಿಸುತ್ತದೆ? ದೋಣಿ ಎಷ್ಟು ತೂಗುತ್ತದೋ ಅಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳಿ ತೇಲುತ್ತದೆ ಅನ್ನುವುದು ಆರ್ಕಿಮಿಡೀಸ್ ಕಾಲದಿಂದ ಗೊತ್ತಿರುವ ಲೆಕ್ಕ. ಪರೀಕ್ಷೆಗೆ ಬರೆದದ್ದೂ ಹೌದು. ಆದರೆ ಇಷ್ಟು ವರ್ಷ ಹಗಲೂ ರಾತ್ರಿ ಸರೋವರ ಅದನ್ನು ಹೊತ್ತು ನಿಂತಿತ್ತು ಅನ್ನುವುದು ನಮಗೆ ತಿಳಿದದ್ದು, ಆ ಹೊರೆ ನಮ್ಮ ಕಡೆ ದಾಟುವ ಹೊತ್ತಿಗೆ.

ಮನೆಯೂ ಹಾಗೇ ಅಲ್ವಾ. ಗೋಡೆಗೆ ಒರಗಿ ನಿಂತಷ್ಟು ದಿನ ಬೀರುವಿಗೆ ತೂಕ ಇರುವುದಿಲ್ಲ. ಪುಸ್ತಕದ ಶೆಲ್ಫು ಹಗುರ. ಒಂದು ದಿನ ಅದನ್ನು ಎತ್ತಬೇಕಾಗಿ ಬಂದಾಗ ನೆಲ ನಮಗಾಗಿ ಎಷ್ಟು ದುಡಿದಿದೆ ಅಂತ ಸೊಂಟಕ್ಕೆ ಗೊತ್ತಾಗುತ್ತದೆ. ನಾನು ಉತ್ಸಾಹದಲ್ಲಿ ದೊಡ್ಡ ಡಬ್ಬ ಹುಡುಕಿ ಪುಸ್ತಕ ತುಂಬಿದೆ. ಉದ್ದ, ಅಗಲ, ಎತ್ತರ ಎಲ್ಲ 40 ಸೆಂಟಿಮೀಟರ್. ಲೆಕ್ಕ ಹಾಕಿದರೆ 64 ಲೀಟರ್ ಜಾಗ. ಅಷ್ಟು ಜಾಗಕ್ಕೆ ಕಾಗದ ಒತ್ತಿ ತುಂಬಿದರೆ 40 ಕಿಲೋ ಸಲೀಸಾಗಿ ದಾಟುತ್ತದೆ. ಎತ್ತಿದೆ. ಡಬ್ಬದ ತಳ ಅಲ್ಲೇ ಉಳಿಯಿತು, ಗೋಡೆ ಮಾತ್ರ ನನ್ನ ಕೈಗೆ ಬಂತು. ಪುಸ್ತಕಕ್ಕೆ ಸಣ್ಣ ಡಬ್ಬ, ದಿಂಬಿಗೆ ದೊಡ್ಡ ಡಬ್ಬ. ಇಷ್ಟು ಸರಳ ವಿಷಯವನ್ನು ಮನುಷ್ಯ ಪ್ರತಿ ಸಲ ಮನೆ ಬದಲಿಸುವಾಗಲೂ ಹೊಸದಾಗಿ ಕಲಿಯುತ್ತಾನೆ.

ಮೊದಲ ದಿನ ಅಕ್ಕ ಡಬ್ಬಗಳ ಮೇಲೆ ಬಹಳ ಚೆನ್ನಾಗಿ ಬರೆದಳು. ‘ಮಲಗುವ ಕೋಣೆ, ಮೇಲಿನ ಕಪಾಟು, ಎಡಭಾಗ.’ ಎರಡನೇ ದಿನ ‘ಮಲಗುವ ಕೋಣೆ’. ಮೂರನೇ ದಿನ ‘ಕೋಣೆ’. ಕೊನೆಯ ರಾತ್ರಿ ತುಂಬಿದ ಒಂಬತ್ತು ಡಬ್ಬಗಳ ಮೇಲೂ ಒಂದೇ ಪದ: ‘ಇತರೆ’. ಪ್ಲಾನು ಅನ್ನುವುದು ಹೇಗೆ ಸೊರಗುತ್ತದೆ ಅಂತ ನೋಡಬೇಕಾದರೆ ಡಬ್ಬಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಸಾಕು.

ಅಂದು ರಾತ್ರಿಯೇ ಭಾವನಿಗೆ ಒಂದು ಯೋಚನೆ ಹೊಳೆಯಿತು. “ದೋಣಿ ಖಾಲಿ ಹೋಗ್ತಿದೆಯಲ್ಲೋ. ಚಕ್ರದ ಮೇಲೆ 14 ಅಡಿ ಉದ್ದದ ತೊಟ್ಟಿ. ಮಿಕ್ಕ ಡಬ್ಬ ಎಲ್ಲ ಅದರಲ್ಲೇ ಹಾಕಿದ್ರೆ?” ನಮಗೂ ಹೌದಲ್ಲ ಅನಿಸಿತು. ಟ್ರೇಲರ್ ತಂದ ಹುಡುಗ ಮಾತ್ರ ಒಪ್ಪಲಿಲ್ಲ. ಅವನು ಹೇಳಿದ್ದು ಇಷ್ಟು: ನೀರು ದೋಣಿಯನ್ನು ಅಂಗೈಯಲ್ಲಿ ಹಿಡಿದ ಹಾಗೆ ಹಿಡಿಯುತ್ತದೆ, ಟ್ರೇಲರ್ ಹಿಡಿಯುವುದು ಎರಡು ಹಲಗೆಯ ಮೇಲೆ, ಅಷ್ಟೇ ಆಧಾರ. ಒಳಗೆ ಭಾರ ಹೇರಿದರೆ ಆ ಎರಡು ಗೆರೆಯ ಮೇಲೆ ಎಲ್ಲ ಬೀಳುತ್ತದೆ. ಟ್ರೇಲರ್ ಇಷ್ಟು ಹೊರುತ್ತದೆ ಅಂತ ಬರೆದಿರುವ ಅಂಕಿಯಲ್ಲಿ ದೋಣಿ, ಮೋಟಾರು, ಲಂಗರು, ಹಗ್ಗ, ಪೆಟ್ರೋಲು ಎಲ್ಲ ಸೇರಬೇಕು. 40 ಲೀಟರ್ ಪೆಟ್ರೋಲೇ ಹತ್ತಿರಹತ್ತಿರ 30 ಕಿಲೋ. ತಳದಲ್ಲಿ ನಿಂತ ನೀರಾದರೆ ಲೀಟರಿಗೆ ಒಂದು ಕಿಲೋ. ಇಷ್ಟೂ ಸಾಲದು ಅಂತ ಮೂತಿಯ ಲೆಕ್ಕ ಬೇರೆ: ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದೆ, ಕಾರಿನ ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರ ಜಾಸ್ತಿಯಾದರೆ ವೇಗ ಹಿಡಿದ ಕೂಡಲೇ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಕೊನೆಗೆ ಬಾಲವೇ ಕಾರನ್ನು ಆಡಿಸುತ್ತದೆ. ಭಾವ ಡಬ್ಬಗಳನ್ನು ಸುಮ್ನೆ ಲಾರಿಗೆ ಹೊತ್ತರು.

ಮಾರನೆಯ ದಿನ ರ‍್ಯಾಂಪು. ಮೇಲಿಂದ ನೋಡಿದರೆ ಅದು ತುಂಬ ಸಾಧು ಜಾಗ. ಸಾಮಾನ್ಯವಾಗಿ ಇಂಥ ಇಳಿಜಾರು ನೂರು ಅಡಿಗೆ 12ರಿಂದ 15 ಅಡಿ ಇಳಿಯುತ್ತದೆ. ನಡೆದು ಇಳಿದರೆ ಗೊತ್ತೇ ಆಗುವುದಿಲ್ಲ. ಹಿಂದಕ್ಕೆ ಟ್ರೇಲರ್ ಕಟ್ಟಿಕೊಂಡು ರಿವರ್ಸಿನಲ್ಲಿ ಇಳಿದರೆ, ಹಿಂದೆ ನೀರು, ಮುಂದೆ ಆಕಾಶ, ಮಧ್ಯೆ ನೀವು. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಅದನ್ನು ಸರಿಮಾಡಲು ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಭಾವ ಮೂರು ಸಲ ಇಳಿದರು, ಮೂರು ಸಲವೂ ಟ್ರೇಲರ್ ಅವರನ್ನು ತಿರುಗಿ ನೋಡಿತು. ನಾನು “ಬರ್ಲಿ, ಬರ್ಲಿ” ಅನ್ನುತ್ತಿದ್ದೆ. ಅಕ್ಕ ಇನ್ನೊಂದು ಬದಿಯಲ್ಲಿ ನಿಂತು “ನಿಲ್ಲಿಸಿ” ಅನ್ನುತ್ತಿದ್ದಳು. ಸಾಲಿನಲ್ಲಿ ಕಾಯುತ್ತಿದ್ದ ಒಬ್ಬ ವಯಸ್ಸಾದವರು ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದರು: “ಸ್ಟೇರಿಂಗಿನ ಮೇಲ್ಭಾಗ ಬಿಟ್ಟು ಕೆಳಭಾಗ ಹಿಡೀರಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನ ಆ ಕಡೆ ಸರಿಸಿ.” ಅಷ್ಟೇ. ಅದೇ ಸ್ಟೇರಿಂಗ್, ಹಿಡಿದ ಜಾಗ ಬದಲಾದದ್ದಕ್ಕೆ ಟ್ರೇಲರ್ ಮಾತು ಕೇಳಿತು.

ನೀರಿಗೆ ಮುಟ್ಟಿಸುವ ಮೊದಲು ಅದೇ ಹಿರಿಯರು ಇನ್ನೊಂದು ಮಾತು ಹೇಳಿದರು. ಓಡಿ ಬಂದ ಚಕ್ರದ ನಡುವಿನ ಗುಂಬ ಬಿಸಿಯಾಗಿರುತ್ತದೆ. ತಕ್ಷಣ ತಣ್ಣೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ. ಹಾಗಾಗಿ ಸ್ವಲ್ಪ ಕಾಯಿರಿ. ಆದರೆ ಕಾಯುವುದನ್ನು ರ‍್ಯಾಂಪಿನ ಮೇಲೆ ಮಾಡಬೇಡಿ, ಪಕ್ಕದಲ್ಲಿ ಮಾಡಿ. ಆ ಎರಡನೆಯ ವಾಕ್ಯ ಬೇರಿಂಗಿಗಿಂತ ಅವರಿಗೇ ಸಂಬಂಧಪಟ್ಟದ್ದು ಅಂತ ನನ್ನ ಅನುಮಾನ.

ಕಾಯುತ್ತ ಕೂತಾಗ ಭಾವನಿಗೆ ಸಮಾಧಾನವಾಗಲಿ ಅಂತ ನಾನು ಯಾವರಿ ಹಡಗಿನ ಕಥೆ ಹೇಳಿದೆ. ಪೆರು ಸರ್ಕಾರಕ್ಕೆ ಟಿಟಿಕಾಕಾ ಸರೋವರದಲ್ಲಿ ಓಡಿಸಲು ಎರಡು ಉಗಿಹಡಗು ಬೇಕಿತ್ತು, ಅದರಲ್ಲಿ ಒಂದು ಯಾವರಿ. ಸರೋವರ ಇರುವುದು ಸಮುದ್ರಮಟ್ಟದಿಂದ 3,800 ಮೀಟರ್ ಮೇಲೆ, ಆಂಡಿಸ್ ಬೆಟ್ಟದಲ್ಲಿ. ಹಡಗುಗಳು ತಯಾರಾದದ್ದು ಇಂಗ್ಲೆಂಡಿನಲ್ಲಿ. ಎರಡೂ ಸೇರಿ 2,766 ತುಂಡು ಮಾಡಿ, ಒಂದೊಂದೂ ಹೇಸರಗತ್ತೆ ಹೊರುವಷ್ಟೇ ಭಾರ ಇರುವಂತೆ ನೋಡಿಕೊಂಡು ಕಳಿಸಿದರು. ತುಂಡುಗಳು ಕರಾವಳಿ ಮುಟ್ಟಿದ್ದು 1862ರಲ್ಲಿ. ಯಾವರಿ ಸರೋವರಕ್ಕೆ ಇಳಿದದ್ದು 1870ರ ಕ್ರಿಸ್‌ಮಸ್ ದಿನ. ಭಾವ ಪೂರ್ತಿ ಕೇಳಿ, “2,766 ತುಂಡಿಗೂ ಹೆಸರು ಬರೆದಿದ್ರಾ?” ಅಂದರು. ಬರೆದಿರಲೇಬೇಕು. ಅದರಲ್ಲಿ ಎಷ್ಟರ ಮೇಲೆ ‘ಇತರೆ’ ಅಂತ ಇತ್ತೋ.

ದೋಣಿ ಮೇಲೆ ಬಂತು. ಹಗ್ಗ ಸುತ್ತಿ ಎಳೆಯುವ ವಿಂಚಿನ ಹಿಡಿ ಕಟಕಟ ಅಂತ ತಿರುಗಿದ ಹಾಗೆಲ್ಲ ನೀರು ಅದನ್ನು ಒಂದೊಂದೇ ಗೇಣು ಬಿಟ್ಟುಕೊಟ್ಟಿತು. ಪೂರ್ತಿ ಹೊರಗೆ ಬಂದಾಗ ನಾವೆಲ್ಲ ಎರಡು ಹೆಜ್ಜೆ ಹಿಂದೆ ಸರಿದೆವು. ಇಷ್ಟು ದೊಡ್ಡದಾ ಇದು? ನಾವು ದಿನಾ ನೋಡುತ್ತಿದ್ದದ್ದು ಅರ್ಧ ದೋಣಿ. ಮಿಕ್ಕ ಅರ್ಧ ಹಸಿರು ಗಡ್ಡ ಬಿಟ್ಟುಕೊಂಡು ತೊಟ್ಟಿಕ್ಕುತ್ತ ನಿಂತಿತ್ತು.

ಗಡ್ಡ ಬೋಳಿಸುವ ಕೆಲಸ ನನ್ನ ಪಾಲಿಗೆ ಬಂತು. ಇದು ಬರೀ ಅಂದಕ್ಕಲ್ಲ. ಜೀಬ್ರಾ ಮಸೆಲ್ ಅಂತ ಉಗುರಿನಷ್ಟು ಸಣ್ಣ, ಪಟ್ಟೆಪಟ್ಟೆಯ ಒಂದು ಚಿಪ್ಪುಜೀವಿ ಇದೆ. ಅದರ ತವರು ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆ. 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿತು. ಅಲ್ಲಿಂದ ಎಷ್ಟೋ ಸರೋವರಗಳಿಗೆ ಹೋಗಿ ನೀರಿನ ಕೊಳವೆಗಳಲ್ಲೆಲ್ಲ ಮನೆ ಮಾಡಿತು. ಎಷ್ಟೋ ಕಡೆ ಅದನ್ನು ಹೊತ್ತು ತಂದದ್ದು ಇಂಥವೇ ಗಾಡಿ ಹತ್ತಿದ ದೋಣಿಗಳು. ಮರಿಗಳು ಕಣ್ಣಿಗೆ ಕಾಣುವುದಿಲ್ಲ, ತಳದಲ್ಲಿ ಉಳಿದ ಒಂದು ಚೊಂಬು ನೀರು ಸಾಕು. ಹಾಗಾಗಿ ದಡದಲ್ಲೇ ಉಜ್ಜಬೇಕು, ನೀರು ಬಸಿಯಬೇಕು, ಪೂರ್ತಿ ಒಣಗಿಸಬೇಕು. ಪಟ್ಟಿ ಇಲ್ಲ, ಡಬ್ಬ ಇಲ್ಲ, ಲಾರಿ ಇಲ್ಲ. ಮನೆ ಬದಲಿಸುವುದನ್ನು ಆ ಪ್ರಾಣಿಯ ಹತ್ತಿರ ಕಲಿಯಬೇಕು ಅಂತ ಅಕ್ಕನಿಗೆ ಹೇಳಿದೆ. ಅವಳು ಬ್ರಷ್ ಕಡೆ ಕೈ ತೋರಿಸಿದಳು.

ನೀರು ಬಸಿಯಲು ದೋಣಿಯ ತಳದಲ್ಲಿ, ಹಿಂಭಾಗದಲ್ಲಿ ಒಂದು ತೂತು ಇರುತ್ತದೆ. ಅದಕ್ಕೊಂದು ಬಿರಡೆ. ಹೆಬ್ಬೆರಳಿನಷ್ಟು. ಭಾವ ಅದನ್ನು ತಿರುಗಿಸಿ ತೆಗೆದು ನನ್ನ ಕೈಗಿಟ್ಟು, “ಜೋಪಾನ” ಅಂದರು. ನಾನು ಜೋಪಾನ ಮಾಡಿದೆ.

ಹೊಸ ಮನೆ ಸೇರಿದ ಮೇಲೆ ಅಕ್ಕ ಹಾಕಿದ ನಿಯಮ ಇದು: ಮನೆ ಒಂದು ಹದಕ್ಕೆ ಬರುವವರೆಗೆ ದೋಣಿಯ ಸುದ್ದಿ ಎತ್ತಬಾರದು. ದೋಣಿ ಅಂಗಳದಲ್ಲಿ ಟ್ರೇಲರಿನ ಮೇಲೆ ಬಿಸಿಲು ಕಾಯಿಸುತ್ತ ಮೂರು ವಾರ ಕೂತಿತು. ಹುಟ್ಟುಗಳು ಬಾಗಿಲ ಹಿಂದೆ ಪೊರಕೆಯ ಜೊತೆ ನಿಂತವು. ಮನೆಯೂ ಹದಕ್ಕೆ ಬರಲಿಲ್ಲ. ಬೇಕಾದ ಡಬ್ಬ ಬಿಚ್ಚಿದ್ದರು, ಬೇಡದವನ್ನು ಗೋಡೆಗೆ ಪೇರಿಸಿ ಮೇಲೊಂದು ಬಟ್ಟೆ ಹೊದಿಸಿ ಮೇಜು ಮಾಡಿಕೊಂಡಿದ್ದರು. ನಾಲ್ಕನೇ ವಾರ ಭಾವ ತಡೆಯಲಾರದೆ ನನಗೆ ಫೋನು ಮಾಡಿದರು. “ನಾಳೆ ಇಳಿಸೋಣ. ಬಿರಡೆ ತಗೊಂಡು ಬಾ.”

ಬಿರಡೆ ನನ್ನ ಹತ್ತಿರ ಇರಲಿಲ್ಲ. ಜೋಪಾನ ಮಾಡಿದ್ದೆನಲ್ಲ, ಆ ದಿನ ಕಣ್ಣೆದುರಿಗಿದ್ದ ಒಂದು ಡಬ್ಬದಲ್ಲಿ ಹಾಕಿ ಟೇಪು ಅಂಟಿಸಿದ್ದೆ. ಯಾವ ಡಬ್ಬ ಅನ್ನುವುದು ನೆನಪಿಲ್ಲ, ಅದರ ಮೇಲೆ ಏನು ಬರೆದಿತ್ತು ಅನ್ನುವುದು ಚೆನ್ನಾಗಿ ನೆನಪಿತ್ತು.

ಮೇಜನ್ನು ಬಿಚ್ಚಿದೆವು. ಮೊದಲನೆಯ ‘ಇತರೆ’ಯಲ್ಲಿ ಪರದೆಯ ಕೊಕ್ಕೆಗಳು ಸಿಕ್ಕವು. ಪರದೆ ಹಾಕಿದೆವು. ಮೂರನೆಯದರಲ್ಲಿ ಗೋಡೆ ಗಡಿಯಾರ. ಅದೂ ಗೋಡೆಗೆ ಹೋಯಿತು. ಐದನೆಯದರಲ್ಲಿ ಅಕ್ಕ ಕಳೆದುಹೋಯಿತು ಅಂತ ಅತ್ತಿದ್ದ ಕನ್ನಡಕ. ಎಂಟನೆಯದರ ತಳದಲ್ಲಿ, ಒಂದು ಕಾಲುಚೀಲದೊಳಗೆ, ಬಿರಡೆ. ಅಷ್ಟರಲ್ಲಿ ಸಂಜೆಯಾಗಿತ್ತು, ಮನೆ ಮನೆಯಂತಾಗಿತ್ತು. ನೋಟ್‌ಬುಕ್ಕಿನ ನಾಲ್ಕು ಪುಟದಿಂದ ಆಗದ ಕೆಲಸ ಒಂದು ತೂತಿನಿಂದ ಆಯಿತು. ಅಕ್ಕ ಇದನ್ನು ಒಪ್ಪುವುದಿಲ್ಲ.

ಮರುದಿನ ದೋಣಿ ಇಳಿಸಿದೆವು. ಭಾವ ಈ ಸಲ ಸ್ಟೇರಿಂಗನ್ನು ಕೆಳಗೆ ಹಿಡಿದು ಒಂದೇ ಸಲಕ್ಕೆ ಹಿಂದೆ ಹೋದರು. ಯಾರೂ ನೋಡಲಿಲ್ಲ ಅನ್ನುವ ಬೇಸರ ಅವರಿಗೆ. ಬಿರಡೆ ಭದ್ರವಾಗಿತ್ತು. ಆದರೂ ಹತ್ತು ನಿಮಿಷದಲ್ಲಿ ಒಳಗೆ ನೀರು ಪಾದ ಮುಚ್ಚಿತು. ಮೂರು ವಾರದ ಬಿಸಿಲಿಗೆ ಹಲಗೆಗಳು ಒಣಗಿ ಕುಗ್ಗಿ, ಸಂದುಗಳು ಬಾಯಿ ಬಿಟ್ಟಿದ್ದವು. ಮರದ ದೋಣಿಯೇ ಹಾಗೆ. ದಡದಲ್ಲಿ ಒಣಗಿದ ಮೇಲೆ ನೀರು ಕಂಡರೆ ಸೋರುತ್ತದೆ. ಒಂದೆರಡು ದಿನ ಆಳವಿಲ್ಲದ ಕಡೆ ಕಟ್ಟಿಹಾಕಿ ಬಿಟ್ಟರೆ ಹಲಗೆ ಉಬ್ಬಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ.

ಭಾವ ಪ್ಯಾಂಟು ಮಡಚಿ ಒಳಗೆ ಕೂತು ಮಗ್ಗಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಹೊಸ ಮನೆಗೆ ಬಂದ ಮೇಲೆ ನಾನು ನೋಡಿರಲಿಲ್ಲ. ದಡದಿಂದ ಅಕ್ಕ ಕೂಗಿದಳು.

“ಏನ್ರೀ ಅದು, ಮುಳುಗ್ತಾ ಇದೆಯಾ?”

“ಇಲ್ಲ ಕಣೇ,” ಅಂದರು ಭಾವ, ಕೈ ನಿಲ್ಲಿಸದೆ. “ನೆನೀತಾ ಇದೆ.”