ಗುಡ್ಡದ ಮೇಲೆ ಓಟಿಪಿ, ಗೋಡೌನಿನಲ್ಲಿ ಮೆಷಿನ್ನು

ಗೌಡರ ಮೊಬೈಲಿಗೆ ಆ ಮೆಸೇಜು ಮತ್ತೆ ಬಂದಿದೆ. ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೇಳಿದರೆ ಇಷ್ಟು: "ಮಾನ್ಯ ಗ್ರಾಹಕರೇ, ನಿಮ್ಮ ಸರಕು ಸುರಕ್ಷಿತ ಬಿಡುಗಡೆಗೆ ಸಿದ್ಧವಾಗಿದೆ." ಇದು ಹನ್ನೊಂದನೇ ಸಲ. ಮೊದಲ ಸಲ ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದರು. ಈಗ ಫೋನನ್ನು ನನ್ನ ಕೈಗೆ ತುರುಕಿ, "ನೀವು ಪೇಪರಿಗೆ ಬರೆಯೋರಲ್ವಾ, ಇದರ ಅರ್ಥ ಏನು ಅಂತ ಹೇಳಿ ಮಾರಾಯ್ರೆ" ಅನ್ನುತ್ತಾರೆ. ನಾನು ಓದಿದೆ. ಒಂದೊಂದೇ ಪದ ಹಿಡಿದರೆ ಅರ್ಥವಾಗುತ್ತೆ. ಒಟ್ಟಿಗೆ ಓದಿದರೆ ಆಗಲ್ಲ.

ಸರಕು ಅಂದರೆ ಟರ್ಕಿಯಿಂದ ಬಂದ ಕಾಫಿ ಹುರಿಯುವ ಮೆಷಿನ್ನು. ಒಂದು ಸಲಕ್ಕೆ ಹದಿನೈದು ಕಿಲೋ ಹುರಿಯುತ್ತದಂತೆ. ನಮ್ಮ ಚಿಕ್ಕಮಗಳೂರಿನಲ್ಲಿ ಈಗ ತೋಟ ಇದ್ದವರಿಗೆಲ್ಲ ಒಂದು ಹೋಂಸ್ಟೇ ಇದೆ, ಹೋಂಸ್ಟೇ ಇದ್ದವರಿಗೆಲ್ಲ ಒಂದು ಕಾಫಿ ಬ್ರ್ಯಾಂಡ್ ಇದೆ. ಆಲ್ದೂರು ಕಡೆಯ ನಮ್ಮ ಗೌಡರಿಗೆ ಬ್ರ್ಯಾಂಡ್ ಇರಲಿಲ್ಲ. ಮಗ ಬೆಂಗಳೂರಿನಿಂದ ಬಂದು ಹೇಳಿದ: "ಅಪ್ಪ, ಎಷ್ಟು ದಿನ ಅಂತ ಚೆರ್ರಿ ಮೂಟೆ ಲೆಕ್ಕದಲ್ಲಿ ಸಿಪ್ಪೆ ಬಿಡಿಸೋ ಕ್ಯೂರಿಂಗ್‌ನವರಿಗೆ ಹಾಕ್ತೀಯ?" ಅಷ್ಟೇ. ಗೌಡರು ಮೆಷಿನ್ನಿಗೆ ದುಡ್ಡು ಕಟ್ಟಿದರು. ಮಗ ವಾಪಸ್ ಬೆಂಗಳೂರಿಗೆ ಹೋದ.

ಒಂದು ಮೆಷಿನ್ನಿಗೆ ಒಂದಿಡೀ ಕಂಟೇನರ್ ಬೇಡವಲ್ಲ, ಹಾಗಾಗಿ ಹತ್ತು ಜನರ ಸಾಮಾನಿನ ಜೊತೆ ಹಂಚಿಕೊಂಡು ಬಂತು. ನಮ್ಮ ಶೇರ್ ಆಟೋ ಇದ್ದ ಹಾಗೆ. ಡಬ್ಬಿ ಬಂದರಿಗೆ ಬಂದು ಗೋಡೌನಿಗೆ ಹೋಗುತ್ತೆ. ಅಲ್ಲಿ ಬಾಗಿಲು ತೆಗೆದು ಅವರವರ ಸಾಮಾನು ಬೇರೆ ಮಾಡುತ್ತಾರೆ. ಆ ಗೋಡೌನಿಗೆ ಸಿಎಫ್‌ಎಸ್ ಅನ್ನುತ್ತಾರೆ. ಯಾವ ಬಂದರು, ಯಾವ ಸಿಎಫ್‌ಎಸ್ ಅಂತ ಹೆಸರು ಬರೆಯಲ್ಲ. ಗೌಡರ ಬಾಡಿಗೆ ಬಾಕಿ ಇನ್ನೂ ಚುಕ್ತಾ ಆಗಿಲ್ಲ, ಸುಮ್ನೆ ಯಾಕೆ.

ಈ ದೇಶದಲ್ಲಿ ಸರಕು ಟ್ರ್ಯಾಕ್ ಮಾಡುವ ವ್ಯವಸ್ಥೆ ಇಲ್ಲ ಅಂತ ಯಾರೂ ಹೇಳಕೂಡದು. 2016ರಲ್ಲೇ ಕಸ್ಟಮ್ಸ್‌ನವರು ಸಿಂಗಲ್ ವಿಂಡೋ ತಂದರು. ಅದೇ ವರ್ಷ ಮುಂಬೈ ಪಕ್ಕದ ಬಂದರಿನಲ್ಲಿ ಕಂಟೇನರಿಗೆ ಟ್ಯಾಗ್ ಅಂಟಿಸಿ ದಾರಿಯುದ್ದಕ್ಕೂ ಎಣಿಸುವ ಕೆಲಸ ಶುರುವಾಯಿತು. 2018ರ ಕೊನೆಯಲ್ಲಿ ಬಂದರಿನ ಕಾಗದಪತ್ರಕ್ಕೆ ಪಿಸಿಎಸ್ ಒನ್‌ಎಕ್ಸ್. 2022ರಲ್ಲಿ ಬೇರೆ ಬೇರೆ ಇಲಾಖೆಗಳ ಸಾಗಣೆ ಮಾಹಿತಿ ಜೋಡಿಸುವ ಯುಲಿಪ್. 2023ರಲ್ಲಿ ಬಂದರಿನ ಕೆಲಸಕ್ಕೆ ಇನ್ನೊಂದು ಪೋರ್ಟಲ್, ಎನ್‌ಎಲ್‌ಪಿ ಮರೈನ್. ಎಲ್ಲದರ ಉದ್ದೇಶವೂ ಒಂದೇ: ಎಲ್ಲವೂ ಒಂದೇ ಕಡೆ ಸಿಗಲಿ. ಆ ಒಂದೇ ಕಡೆಗಳು ಈಗ ಎಷ್ಟಿವೆ ಅಂತ ಗೌಡರ ಸಿಎಚ್‌ಎ, ಅಂದರೆ ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟು, ಬೆರಳು ಮಡಚಿ ಎಣಿಸಿದ. ಒಂದು ಕೈ ಸಾಲಲಿಲ್ಲ. ಒಂಟಿ ಕಿಟಕಿ ಚೆನ್ನಾಗಿದೆ ಅಂತ ಪ್ರತಿ ಗೋಡೆಗೂ ಒಂದೊಂದು ಒಂಟಿ ಕಿಟಕಿ ಇಟ್ಟ ಮನೆ ಇದು. ಗಾಳಿ ಬೆಳಕಿಗೇನೂ ಕೊರತೆಯಿಲ್ಲ.

ಇವೆಲ್ಲದರ ತುದಿಗೆ ಅಂಟಿಕೊಂಡು ಒಂದು ಖಾಸಗಿ ಸರ್ವಿಸ್ ಇದೆ. ಗೌಡರ ಪಾಲಿಗೆ ಬಂದದ್ದು ಅದು. ಸರಕು ಎಲ್ಲಿದೆ ಅಂತ ನಕ್ಷೆಯಲ್ಲಿ ಹಸಿರು ಚುಕ್ಕೆ ತೋರಿಸುತ್ತೆ. ಬಿಡಿಸಿಕೊಳ್ಳಬೇಕಾದರೆ ಮಾಲೀಕರ ಮೊಬೈಲಿಗೆ ಓಟಿಪಿ ಬರುತ್ತೆ. ಹತ್ತು ನಿಮಿಷದೊಳಗೆ ಹಾಕಬೇಕು. ಕಳ್ಳರು ನಿಮ್ಮ ಹೆಸರು ಹೇಳಿ ಸಾಮಾನು ಹೊತ್ತುಕೊಂಡು ಹೋಗದ ಹಾಗೆ ಈ ಏರ್ಪಾಡು. ಒಳ್ಳೆಯದೇ ಅಲ್ವಾ?

ಒಳ್ಳೆಯದೇ. ಆದರೆ ಗೌಡರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹೋಂಸ್ಟೇ ಬೋರ್ಡಿನ ಮೇಲೆ "ಇಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ" ಅಂತ ದೊಡ್ಡದಾಗಿ ಬರೆಸಿದ್ದಾರೆ. ಬೆಂಗಳೂರಿನವರು ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಬರುತ್ತಾರೆ. ಅದೇ ಸಿಗ್ನಲ್ ಇಲ್ಲದ್ದಕ್ಕೆ ಗೌಡರೂ ದುಡ್ಡು ಕೊಟ್ಟರು, ಗೋಡೌನಿಗೆ.

ಸಿಗ್ನಲ್ ಸಿಗುವುದು ಗುಡ್ಡದ ಮೇಲೆ, ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ. ಮರದ ಈ ಕಡೆ ನಿಂತರೆ ಎರಡು ಕಡ್ಡಿ, ಆ ಕಡೆ ಹೋದರೆ ಸೊನ್ನೆ. ಸಂಜೆ ನಾಲ್ಕಕ್ಕೆ ಅಲ್ಲಿ ಜಾತ್ರೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹುಡುಗರು ಊರಿಗೆ ಫೋನ್ ಮಾಡುತ್ತಿರುತ್ತಾರೆ. ತೋಟದ ರೈಟರು ಹಾಜರಿ ಪುಸ್ತಕ ಕಂಕುಳಲ್ಲಿಟ್ಟು ಯಾರಿಗೋ ಬೈಯುತ್ತಿರುತ್ತಾನೆ. ಸಿಗ್ನಲ್ ಬೇಡ ಅಂತ ದುಡ್ಡು ಕೊಟ್ಟು ಬಂದ ಬೆಂಗಳೂರಿನವರೂ ಎರಡನೇ ದಿನಕ್ಕೆ ಅಲ್ಲೇ ಇರುತ್ತಾರೆ. ಅವರಲ್ಲೊಬ್ಬ, ಬಾಬಾ ಬುಡನ್ ಏಳು ಕಾಫಿ ಬೀಜ ತಂದಾಗ ಓಟಿಪಿ ಇತ್ತಾ ಅಂತ ಜೋಕು ಮಾಡಿದ. ಈ ಜಿಲ್ಲೆಯಲ್ಲಿ ಆ ಜೋಕು ಎಲ್ಲರೂ ಒಮ್ಮೆ ಮಾಡಿ ಬಿಟ್ಟಾಗಿದೆ. ಯಾರೂ ನಗಲಿಲ್ಲ.

ನಾನು ಹೋದ ದಿನ ಗೌಡರು ಕಂಬಳಿ ಕೊಪ್ಪೆ ಹಾಕಿಕೊಂಡು ಮರದ ಬುಡದಲ್ಲಿ ಒಂದು ಫೋನನ್ನು ಬಲಗಿವಿಗೆ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದಿದ್ದರು. ಎಡಗೈಯದಕ್ಕೆ ಓಟಿಪಿ ಬರಬೇಕು, ಬಲಗಿವಿಯಲ್ಲಿ ಸಿಎಚ್‌ಎ ಕಾಯುತ್ತಿದ್ದಾನೆ. ಮಳೆ ಸುರಿಯುತ್ತಿದೆ. ಬಂತು.

"ನಾಲ್ಕು... ಏಳು... ಹೇಯ್ ಕೇಳ್ತಿದ್ಯೇನೋ? ನಾಲ್ಕು!"

ಆ ಕಡೆ ಕೇಳಿಸುತ್ತಿಲ್ಲ. ಗೌಡರು ಇನ್ನೂ ಜೋರಾಗಿ ಕೂಗಿದರು. ಕೆಳಗೆ ಗದ್ದೆ ಬಯಲಲ್ಲಿ ದನ ಕಾಯುತ್ತಿದ್ದ ಹುಡುಗ ತಲೆಯೆತ್ತಿ, "ಗೌಡ್ರೇ, ನಾಲ್ಕು ಏಳು ಒಂದು ಒಂಬತ್ತು, ಆಮೇಲೆ ಎರಡು ಸೊನ್ನೆ ಅಲ್ವಾ?" ಅಂತ ಕೂಗಿದ. ಅಲ್ಲಿದ್ದ ಹದಿನಾಲ್ಕು ಜನಕ್ಕೂ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಸಿಎಚ್‌ಎಗೆ ಮಾತ್ರ. ಅವನಿಗೆ ಕೇಳಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದು, ಮೂರು ಸಲ ತಪ್ಪು ಹಾಕಿದ್ದೀರಿ ಅಂತ ಖಾತೆ 24 ಗಂಟೆ ಬಂದ್ ಆಯಿತು.

ಇಲ್ಲೊಂದು ವಿಷಯ ಹೇಳಬೇಕು. ಬೆಲ್ಜಿಯಂನ ಆಂಟ್ವರ್ಪ್ ಅಂತ ಬಂದರಿದೆ. ಯುರೋಪಿನ ದೊಡ್ಡ ಕಾಫಿ ಗೋಡೌನುಗಳು ಇರುವುದೇ ಅಲ್ಲಿ. ಹಿಂದೆ ಅಲ್ಲಿ ಒಂದು ಕಂಟೇನರ್ ಬಿಡಿಸಲು ಒಂದು ಪಿನ್ ನಂಬರ್ ಇದ್ದರೆ ಸಾಕಿತ್ತು. ಹಡಗು ಕಂಪನಿಯಿಂದ ಏಜೆಂಟಿಗೆ, ಏಜೆಂಟಿನಿಂದ ಲಾರಿಯವನಿಗೆ ಆ ನಂಬರು ಈಮೇಲಿನಲ್ಲಿ ಕೈ ಬದಲಾಗುತ್ತಿತ್ತು. ಕೊಕೇನ್ ಕಳ್ಳಸಾಗಣೆಯವರು ಮಧ್ಯದಲ್ಲಿ ಯಾರಿಗಾದರೂ ದುಡ್ಡು ತಿನ್ನಿಸಿ ನಂಬರ್ ಕೊಂಡು, ಅಸಲಿ ಲಾರಿ ಬರುವ ಮೊದಲೇ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು. ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ 2023ರಲ್ಲಿ ಇದರ ಮೇಲೆ ಒಂದು ವರದಿಯನ್ನೇ ಬರೆಯಿತು. ಅದೇ ವರ್ಷ ಆ ಬಂದರಿನಲ್ಲಿ ಹಿಡಿದ ಕೊಕೇನ್ 116 ಟನ್. ಇಂಥ ಕಳ್ಳತನ ತಡೆಯಲೆಂದೇ ಅವರು ಪಿನ್ನನ್ನೇ ತೆಗೆದರು. ಈಗ ಬಿಡಿಸುವ ಹಕ್ಕು ಕಂಪ್ಯೂಟರಿನೊಳಗೇ ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ಯಾರ ಕಣ್ಣಿಗೂ ನಂಬರ್ ಬೀಳಲ್ಲ. ಪಕ್ಕದ ರೋಟರ್‌ಡ್ಯಾಮಿನಲ್ಲಿ ಲಾರಿ ಡ್ರೈವರ್ ಒಳಗೆ ಹೋಗಬೇಕಾದರೆ ಕಾರ್ಡಿನ ಜೊತೆ ಅಂಗೈ ತೋರಿಸಬೇಕು. ನಮ್ಮಲ್ಲಿ ಕೈ ನೋಡಿ ಭವಿಷ್ಯ ಹೇಳುವವನಿಗೆ ತೋರಿಸುವ ಹಾಗೆ.

ಅಂದರೆ ಅಲ್ಲಿ ಯಾವ ನಂಬರಿಗಾಗಿ ಕೊಲೆ ಮಾಡುವ ಜನ ಇದ್ದರೋ, ಅಂಥದ್ದೇ ನಂಬರನ್ನು ನಮ್ಮ ಗೌಡರು ಗುಡ್ಡದ ಮೇಲೆ ನಿಂತು ಇಡೀ ಊರಿಗೆ ಕೇಳುವ ಹಾಗೆ ಕೂಗಿದರು. ಯಾರೂ ತಗೊಳ್ಳಲಿಲ್ಲ. "ಯಾರಾದ್ರೂ ಕಳ್ರಾದ್ರೂ ಬಂದು ಆ ಮೆಷಿನ್ ಬಿಡಿಸ್ಕೊಂಡು ಹೋಗ್ಲಿ, ಆಮೇಲೆ ಅವರ ಹತ್ರ ನಾನು ಕೊಂಡ್ಕೋತೀನಿ, ಅದೇ ಸಸ್ತಾ" ಅಂದರು ಗೌಡರು. ಅವರು ತಮಾಷೆಗೆ ಹೇಳಿದ್ದಲ್ಲ.

ಕೊಕೇನ್ ಅಂದಾಗ ನೆನಪಾಯಿತು. 2022ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕಾಫಿ ಫ್ಯಾಕ್ಟರಿಯಲ್ಲಿ ಬ್ರೆಜಿಲ್‌ನಿಂದ ಬಂದ ಮೂಟೆಗಳನ್ನು ಬಿಚ್ಚಿದರೆ ಬೀಜದ ಜೊತೆ 500 ಕಿಲೋಗೂ ಜಾಸ್ತಿ ಕೊಕೇನ್ ಸಿಕ್ಕಿತು. ಅಷ್ಟು ಮಾಲು ಸಮುದ್ರ ದಾಟಿ ಫ್ಯಾಕ್ಟರಿಯ ಒಳಗೇ ಹೋಯಿತು, ನೋಡಿ. ನಮ್ಮ ಕಾಫಿಯಲ್ಲಿ ಜಾಸ್ತಿ ಅಂದರೆ ಕಡ್ಡಿ, ಕಲ್ಲು. ಆದರೂ ಯುರೋಪಿಗೆ ಹೋಗುವ ಕಾಫಿಗೆ ಈಗ ಹೊಸ ಕಾನೂನು: ಕಾಡು ಕಡಿದು ಬೆಳೆದದ್ದಲ್ಲ ಅಂತ ತೋರಿಸಲು ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. 2023ರಲ್ಲಿ ಮಾಡಿದ್ದು, ಎರಡು ಸಲ ಮುಂದಕ್ಕೆ ಹಾಕಿದ್ದಾರೆ. ಗೌಡರು ಆಗಲೇ ಕೊಟ್ಟಿದ್ದಾರೆ. ಅವರ ತೋಟ ಎಲ್ಲಿದೆ ಅಂತ ಬ್ರಸೆಲ್ಸಿನಲ್ಲಿ ಕೂತು ನೋಡಬಹುದು. ಅವರ ಮೆಷಿನ್ನು ಗೋಡೌನಿನ ಯಾವ ಮೂಲೆಯಲ್ಲಿದೆ ಅಂತ ಆ ಗೋಡೌನಿನವನಿಗೇ ಗೊತ್ತಿಲ್ಲ. ಚುಕ್ಕೆ ಮಾತ್ರ ಹಸಿರಾಗಿತ್ತು.

ಮಾರನೇ ದಿನ ಖಾತೆ ತೆರೆಯಿತು, ಸರ್ವರ್ ಮಲಗಿತು. "ನಿರ್ವಹಣೆ ನಡೆಯುತ್ತಿದೆ, ಸಹಕರಿಸಿ." ಶುಕ್ರವಾರ ಮಲಗಿದ್ದು ಸೋಮವಾರ ಎದ್ದಿತು. ಆಮೇಲೆ ಡೆಲಿವರಿ ಆರ್ಡರಿನಲ್ಲಿ, ಅಂದರೆ ಸರಕು ಇವರಿಗೆ ಕೊಡಿ ಅಂತ ಹಡಗಿನ ಕಡೆಯವರು ಬರೆದ ಕಾಗದದಲ್ಲಿ, ಗೌಡರ ಹೆಸರಿನ ಇನಿಷಿಯಲ್ ಹಿಂದೆ ಇದೆ, ಆಪ್‌ನಲ್ಲಿ ಮುಂದೆ ಇದೆ ಅಂತ ತಿರಸ್ಕಾರ. ಕಸ್ಟಮ್ಸ್ ಸುಂಕ ಕಟ್ಟಿ, ಔಟ್ ಆಫ್ ಚಾರ್ಜ್ ಆಗಿ, ಅಂದರೆ ಸರ್ಕಾರ ತನ್ನ ಕಡೆಯಿಂದ "ತಗೊಂಡು ಹೋಗಪ್ಪಾ" ಅಂದ ಮೇಲೆ ನಡೆದ ಕತೆ ಇದು.

ನಗಬಹುದು. ನಾನೂ ಇಲ್ಲಿಯವರೆಗೆ ನಗುತ್ತಲೇ ಬರೆದೆ. ಆದರೆ ಬಿಲ್ಲು ನೋಡಿದ ಮೇಲೆ ನಗು ಬರಲಿಲ್ಲ. ಗೋಡೌನ್ ಬಾಡಿಗೆ ದಿನದ ಲೆಕ್ಕ. ಶುಕ್ರವಾರಕ್ಕೆ ಹಾಕಿದ್ದಾರೆ. ಶನಿವಾರಕ್ಕೆ, ಭಾನುವಾರಕ್ಕೆ, ಸೋಮವಾರಕ್ಕೂ ಹಾಕಿದ್ದಾರೆ. ಅವರದೇ ಸರ್ವರ್ ಬಿದ್ದಿತ್ತು. ಗೌಡರು ಬೇಕು ಅಂದರೂ ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಆ ನಾಲ್ಕು ದಿನ ಆ ಸಿಸ್ಟಮಿನಲ್ಲಿ ಕೆಲಸ ಮಾಡಿದ್ದು ಬಾಡಿಗೆ ಮೀಟರ್ ಒಂದೇ. ಅದಕ್ಕೆ ಓಟಿಪಿ ಬೇಡ, ನಿರ್ವಹಣೆ ಬೇಡ, ಭಾನುವಾರದ ರಜೆಯೂ ಬೇಡ. ಕೇಳಿದರೆ, "ಸರ್, ಸಿಸ್ಟಮ್ ಆಟೋಮ್ಯಾಟಿಕ್ ಆಗಿ ಹಾಕುತ್ತೆ, ನಮ್ಮ ಕೈಯಲ್ಲಿಲ್ಲ." ಮೊದಲು ಗುಮಾಸ್ತ ಇದ್ದ. ಲಂಚ ಕೇಳುತ್ತಿದ್ದ, ನಿಜ. ಬೈದರೆ ಬೈಸಿಕೊಳ್ಳಲು ಮುಖ ಅಂತ ಒಂದಿತ್ತು. ಈಗ ಯಾರ ಮುಖಕ್ಕೆ ಬೈಯೋದು? ಗೌಡರು 38 ಸಾವಿರ ಕಟ್ಟಬೇಕು. ಆ ದುಡ್ಡಿಗೆ ಎಷ್ಟು ಆಳಿನ ಕೂಲಿ ಆಗುತ್ತಿತ್ತು ಅಂತ ಅವರು ರೈಟರ ಹತ್ತಿರ ಲೆಕ್ಕ ಹಾಕಿಸಿದರು. ರೈಟರು ಬರೆದ, ನೋಡಿದ, ಪುಸ್ತಕ ಮುಚ್ಚಿದ.

ಅರ್ಧ ಕಟ್ಟಿ, ಉಳಿದರ್ಧಕ್ಕೆ ಸಿಎಚ್‌ಎ ಜವಾಬ್ದಾರಿ ಹೊತ್ತ ಮೇಲೆ ಕೊನೆಗೆ ಮೆಷಿನ್ನು ಹೊರಬಿತ್ತು. ಗೇಟ್ ಪಾಸ್ ಹೇಗೆ ಆಯಿತು ಅಂತ ಕೇಳಬೇಡಿ. ಸಿಎಚ್‌ಎಯ ಭಾವಮೈದುನನ ಕಡೆಯವರು ಯಾರೋ ಒಳಗಿದ್ದರಂತೆ. ಇಷ್ಟು ದೊಡ್ಡ ಡಿಜಿಟಲ್ ದೇಶದಲ್ಲಿ ಒಬ್ಬ ಭಾವಮೈದುನ ಇನ್ನೂ ಚಾಲ್ತಿಯಲ್ಲಿದ್ದಾನೆ ಅನ್ನುವುದೇ ಸಮಾಧಾನ.

ಲಾರಿ ಬಿಟ್ಟ ಮೇಲೂ ಆಪ್‌ನ ಹಸಿರು ಚುಕ್ಕೆ ಬಂದರು ಬಿಟ್ಟು ಕದಲಲಿಲ್ಲ. ಡ್ರೈವರ್ ಫೋನ್ ಎತ್ತಲಿಲ್ಲ. ಆಗ ಗೌಡರು ಹಾಸನ-ಬೇಲೂರು ರಸ್ತೆಯ ಹಗರೆ ಹತ್ತಿರದ ಒಂದು ಟೀ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು ಹೇಳಿದ್ದು ಹೀಗೆ: "ತಮಿಳುನಾಡು ನಂಬರ್ ಈಚರ್ರು, ಹಿಂದೆ ಮರದ ಪೆಟ್ಟಿಗೆ, ಮೇಲೆ ನೀಲಿ ಟಾರ್ಪಾಲ್ ಅಲ್ವಾ? ಈಗ್ ಹೋಯ್ತು ನೋಡಿ, ಇಪ್ಪತ್ತು ನಿಮಿಷ ಆಯ್ತು. ಡ್ರೈವರ್‌ಗೆ ಹೊಟ್ಟೆ ಸರಿಯಿಲ್ಲ, ಮಜ್ಜಿಗೆ ಕುಡ್ದ. ಬೇಲೂರಲ್ಲಿ ಒಂದ್ ನಿದ್ದೆ ಹೊಡ್ದು ಬರ್ತಾನೆ, ಆರು ಗಂಟೆ ಇಟ್ಕೊಳ್ಳಿ." ಆರೂ ಹತ್ತಕ್ಕೆ ಲಾರಿ ತೋಟದ ಗೇಟಿಗೆ ಬಂತು. ಡ್ರೈವರ್ ಇಳಿದವನೇ ಬಾತ್‌ರೂಮ್ ಎಲ್ಲಿ ಅಂತ ಕೇಳಿದ.

ಈಗ ಮೆಷಿನ್ನು ಶೆಡ್ಡಿನಲ್ಲಿದೆ. ಅದಕ್ಕೆ ತ್ರೀ ಫೇಸ್ ಕರೆಂಟ್ ಬೇಕು. ಮಳೆಗೆ ಲೈನಿನ ಮೇಲೆ ಮರ ಬಿದ್ದು ಆರು ದಿನವಾಗಿದೆ. ಅದಿರಲಿ. ಗೌಡರು ಈಗಲೂ ಸಂಜೆ ನಾಲ್ಕಕ್ಕೆ ಗುಡ್ಡ ಹತ್ತುತ್ತಾರೆ, ಅಭ್ಯಾಸವಾಗಿಬಿಟ್ಟಿದೆ. ಆಪ್ ತೆರೆಯುತ್ತಾರೆ. ಚುಕ್ಕೆ ಬಂದರಿನಲ್ಲೇ ಇದೆ, ಸರಕು ಸುರಕ್ಷಿತ ಬಿಡುಗಡೆಗೆ ಸಿದ್ಧವಾಗಿದೆ. ಅವರು ಫೋನ್ ಜೇಬಿಗೆ ಹಾಕಿ ಇಳಿದು ಬರುತ್ತಾರೆ. ಮನೆಗೆ ಹೋಗುವ ಮೊದಲು ಶೆಡ್ಡಿಗೆ ಹೋಗಿ ಒಂದ್ಸಲ ಟಾರ್ಪಾಲ್ ಎತ್ತಿ ನೋಡುತ್ತಾರೆ.