ಸೈಟಿನ ರೇಟಿಗೆ ಮನೆ

ಮೂರು ವಾರದಿಂದ ತಲೆಯಲ್ಲಿ ಒಂದೇ ಮನೆ. ಚಿತ್ರದುರ್ಗದಲ್ಲಿ, ದೊಡ್ಡಪೇಟೆ ದಾಟಿ ಕೋಟೆ ಕಡೆ ಹೋಗುವ ಒಂದು ಓಣಿಯಲ್ಲಿದೆ. ಅಗಲ 18 ಅಡಿ, ಉದ್ದ 36. ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಅಷ್ಟೇ. ಕಲ್ಲು-ಮಣ್ಣಿನ ಗೋಡೆ, ಮರದ ತೊಲೆ, ಅದರ ಮೇಲೆ ಅಡ್ಡಡ್ಡ ಕೂರಿಸಿದ ಜಂತಿ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಸಪಾಟು ಸೂರು. ಕೇಳುತ್ತಿರುವುದು 24 ಲಕ್ಷ.

ಯಾರಿಗೆ ಹೇಳಿದರೂ ಒಂದೇ ಮಾತು. "ಸೈಟಿನ ರೇಟಿಗೆ ಸಿಗ್ತಿದೆ, ತಗೊಂಡುಬಿಡು. ಕೆಡವಿ ಎರಡು ಫ್ಲೋರ್ ಎಬ್ಬಿಸು, ಮೇಲಿಂದು ಬಾಡಿಗೆಗೆ ಕೊಡು." ಅಲ್ಲಿ ನಿಂತಿರುವ ಮನೆಗೆ ಬೆಲೆಯೇ ಇಲ್ಲ ಅನ್ನೋ ಹಾಗೆ ಮಾತಾಡುತ್ತಾರೆ. ನನಗೆ ಇದು ಸರಿ ಕಾಣುತ್ತಿಲ್ಲ.

ಮೊದಲು, ಅಲ್ಲಿ ಕೆಡವಿ ಕಟ್ಟೋಕೆ ಆಗೋದೇ ಇಲ್ಲ. ನಮ್ಮ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಅಂತ 2010ರ ತಿದ್ದುಪಡಿ ಕಾನೂನು ಹೇಳುತ್ತದೆ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಅನುಮತಿ ಬೇಕು. 1992ರ ಜೂನ್‌ಗೆ ಮುಂಚಿನ ಮನೆಯಾದರೆ ರಿಪೇರಿ ಮಾಡಿಸಬಹುದು, ಅದಕ್ಕೂ ಅರ್ಜಿ ಹಾಕಬೇಕು. ಆ ಮನೆಯ ಹೊಸ್ತಿಲಿಂದ ಕೋಟೆ ಗೋಡೆಗೆ ನಾನೇ ಎಣಿಸಿದೆ, 85 ಹೆಜ್ಜೆ. ತೋರಿಸಲು ಬಂದ ಮಧ್ಯವರ್ತಿ ಈ ವಿಷಯ ಬಾಯಿಬಿಡಲೇ ಇಲ್ಲ. ಸೈಟು ಅಂತ ನಂಬಿ ದುಡ್ಡು ಕೊಟ್ಟವರ ಗತಿ ಏನಾಗಬೇಕು ಹೇಳಿ.

ಅಂದರೆ ನಾನು ಕೊಳ್ಳೋದಾದರೆ ಈ ಮನೆಯನ್ನೇ ಕೊಳ್ಳಬೇಕು, ಹೀಗೇ ಇರೋದನ್ನ. ಹಾಗಾಗಿ ಎರಡನೇ ಸಲ ಹೋದಾಗ ಮನೆಯನ್ನೇ ನೋಡಿದೆ.

ಪಡಸಾಲೆಯಲ್ಲಿ ಸ್ಟೂಲ್ ಹತ್ತಿ ಒಂದೊಂದೇ ಜಂತಿಯನ್ನು ಬೀಗದ ಕೈಯಿಂದ ತಟ್ಟಿದೆ. ಹೆಚ್ಚಿನವು ಗಟ್ಟಿ ಸದ್ದು ಕೊಟ್ಟವು. ಬಚ್ಚಲ ಕಡೆಯ ಎರಡು ಮಾತ್ರ ಟೊಳ್ಳು. ಒಂದನ್ನು ತಟ್ಟಿದ ಕೂಡಲೇ ಗೆದ್ದಲು ಮಣ್ಣು ಮುಖದ ಮೇಲೆ ಉದುರಿತು. ಅವೆರಡನ್ನು ಬದಲಾಯಿಸಬಹುದು, ದೊಡ್ಡ ವಿಷಯವಲ್ಲ. ಗೋಡೆಯದ್ದೇ ಚಿಂತೆ. ನೆಲದಿಂದ ಮಂಡಿ ಎತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿದೆ, ಕೈಯಿಟ್ಟರೆ ತಣ್ಣಗೆ. ಯಾವಾಗಲೋ ಯಾರೋ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಸಿದ್ದಾರೆ. ಚೆನ್ನಾಗಿ ಕಾಣಲಿ ಅಂತಲೇ ಮಾಡಿಸಿರುತ್ತಾರೆ. ಆದರೆ ನೆಲದಿಂದ ಏರುವ ತೇವ ಗಾಳಿಗೆ ಆರಬೇಕು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಪೂರ್ತಿ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದರೆ ಗೋಡೆ ಮತ್ತೆ ಉಸಿರಾಡುತ್ತದೆ.

ಎಡಗಡೆ ಗೋಡೆ ಪಕ್ಕದ ಮನೆಯ ಅಜ್ಜಿಗೂ ನಮಗೂ ಒಂದೇ. ಅವರ ತೊಲೆಯ ತುದಿ, ನಮ್ಮ ತೊಲೆಯ ತುದಿ, ಎರಡೂ ಒಂದೇ ಗೋಡೆಯೊಳಗೆ ಕೂತಿವೆ. ಈ ಮನೆ ಕೆಡವಿದರೆ ಆ ಅಜ್ಜಿಯ ಸೂರು ಕೂಡ ಕುಸಿಯುತ್ತೆ, ಅಲ್ವಾ? ಕೆಡವು ಅನ್ನುವವರಿಗೆ ಇದು ಹೇಗೆ ಕಾಣಲ್ಲವೋ ಗೊತ್ತಿಲ್ಲ.

ಮಾಳಿಗೆ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಬ್ಯಾಂಕಿನ ಕಡೆಯಿಂದ ಬಂದ ಎಂಜಿನಿಯರ್ ಮೇಲೆ ನೋಡಿದವರೇ ಮುಖ ಸಣ್ಣ ಮಾಡಿದರು. ಸಾಲ ಜಾಸ್ತಿ ಸಿಗಲ್ಲ ಅಂತ ಅಲ್ಲೇ ಗೊತ್ತಾಯಿತು. ಆದರೆ ನಾನು ಹುಟ್ಟಿದ್ದೇ ಮಾಳಿಗೆ ಮನೆಯಲ್ಲಿ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು (ಉಪ್ಪಿನಂಶದ ಮಣ್ಣು) ತಂದು ಮೇಲೆ ಹರಡಿ ತುಳಿಯುತ್ತಿದ್ದೆವು, ಸೋರುತ್ತಿರಲಿಲ್ಲ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಏಪ್ರಿಲ್ ಮಧ್ಯಾಹ್ನ ಈಗಿನ ಬಾಡಿಗೆ ಮನೆಯ ಆರ್‌ಸಿಸಿ ಕೆಳಗೆ ಫ್ಯಾನ್ ಬಿಸಿ ಗಾಳಿ ಬೀಸುತ್ತೆ. ಆ ಪಡಸಾಲೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಿಂತಿದ್ದೆ, ಬೆವರಲಿಲ್ಲ.

ಹೊಳಲ್ಕೆರೆ ರಸ್ತೆ ಕಡೆ ಒಂದು ಸೈಟೂ ನೋಡಿದ್ದೀನಿ. ಅದರ ದುಡ್ಡು ಕೊಟ್ಟ ಮೇಲೆ ಕಟ್ಟೋಕೆ ನನ್ನ ಹತ್ತಿರ ಏನೂ ಉಳಿಯಲ್ಲ. ಅದರ ಮಾತು ಬಿಡಿ.

ಓಣಿಯ ಮಾತಿಗೆ ಬರ್ತೀನಿ, ನನ್ನ ನಿದ್ದೆ ಕೆಡಿಸಿರುವುದು ಅದು. ಆಟೋ ತಿರುವಿನವರೆಗೆ ಮಾತ್ರ ಬರುತ್ತದೆ. ಅಮ್ಮನಿಗೆ ಮಂಡಿ ನೋವು. ರಾತ್ರಿ ಹೊತ್ತು ಏನಾದರೂ ಆದರೆ ಆಂಬುಲೆನ್ಸ್‌ವರೆಗೆ ಎತ್ತಿಕೊಂಡೇ ಹೋಗಬೇಕು. ಅಮ್ಮನನ್ನೇ ಕರೆದುಕೊಂಡು ಹೋಗಿ ತೋರಿಸಿದೆ. ಜಗಲಿ ಮೇಲೆ ಕೂತರು. ಹತ್ತು ನಿಮಿಷದಲ್ಲಿ ಎದುರು ಮನೆಯವರು ನೀರು ತಂದರು, ಯಾವೂರು ಏನು ಅಂತ ವಿಚಾರಿಸಿದರು. ವಾಪಸ್ ಬರುವಾಗ ಅಮ್ಮ ಅಂದರು, "ಎತ್ತಿಕೊಂಡು ಹೋಗೋಕೆ ಇಲ್ಲಿ ನಾಲ್ಕು ಜನ ಇದ್ದಾರೆ. ಈಗಿರೋ ಮನೇಲಿ ಯಾರಿದ್ದಾರೆ?" ನಾನು ಏನೂ ಹೇಳಲಿಲ್ಲ.

ಕಾಗದಪತ್ರದಲ್ಲಿ ಮಾತ್ರ ರಾಜಿ ಇಲ್ಲ. ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ಈಗ ನೋಂದಣಿ ಆಗಲ್ಲ, ಅದು ಆಗಿದೆ. ಆಸ್ತಿ ಮೇಲೆ ಸಾಲಗೀಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಾನೇ ತೆಗೆಸಿ ನೋಡಿದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ 2ಕ್ಕೆ ಏರಿತಲ್ಲ, ಈಗ ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ 7.6. ನನ್ನ ಲೆಕ್ಕಕ್ಕೆ 1,82,400 ರೂಪಾಯಿ. ಅದನ್ನೂ ಹೊಂದಿಸಿಟ್ಟಿದ್ದೀನಿ.

ಒಂದು ಸಹಿ ಬಾಕಿ ಇದೆ. ಮಾರುತ್ತಿರುವವರು ಇಬ್ಬರು ಅಣ್ಣತಮ್ಮಂದಿರು. ತಾತನ ಕಾಲದ ಮನೆ. ಒಬ್ಬಳು ಅಕ್ಕ ಇದ್ದಾರೆ ಅಂತ ಎದುರು ಮನೆಯವರಿಂದ ತಿಳಿಯಿತು. ಕೇಳಿದರೆ, "ಮದುವೆ ಮಾಡಿ ಕೊಟ್ಟಾಗಿದೆ, ಅವಳದ್ದೇನಿದೆ" ಅಂದರು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾನೂನಾಗಿದೆ. ಆ ಕಾನೂನು ಬಂದ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕಾನೂನು ಒಂದು ಕಡೆ ಇರಲಿ, ಆ ಹೆಣ್ಣುಮಗಳು ಹುಟ್ಟಿ ಬೆಳೆದ ನಡುಮನೆಯಲ್ಲಿ ಅವರಿಗೆ ಗೊತ್ತಿಲ್ಲದೆ ನಾನು ಹಾಸಿಗೆ ಹಾಸಲಾರೆ. ಅಕ್ಕನೇ ಬಂದು, ಪಾಲು ಎಣಿಸಿಕೊಂಡು, ಸಹಿ ಹಾಕಲಿ. ಇಲ್ಲದಿದ್ದರೆ ಮುಂಗಡ ಕೊಡಲ್ಲ ಅಂತ ಹೇಳಿ ಬಂದಿದ್ದೀನಿ.

ಭಾನುವಾರ ಆ ಅಕ್ಕ ಚಳ್ಳಕೆರೆಯಿಂದ ಬರುತ್ತಾರಂತೆ. ಅಷ್ಟರೊಳಗೆ ಒಂದು ಸಹಾಯ ಬೇಕು. ಸುಣ್ಣದ ಗಾರೆ, ಮಾಳಿಗೆ ಕೆಲಸ ಬಲ್ಲ ಹಳೇ ಮೇಸ್ತ್ರಿ ನಿಮ್ಮ ಕಡೆ ಇದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ. ವಯಸ್ಸಾಗಿದ್ದರೂ ಪರವಾಗಿಲ್ಲ. ಅವರು ಕೂತು ಹೇಳಿದರೆ ಸಾಕು, ಕಲಸೋಕೆ ನಾನಿದ್ದೀನಿ.